ಶುಗರ್ ಇದ್ದವರ ಕೈಯಲ್ಲಿ ಫೋನ್: ಅದು ಮಾಡಬಲ್ಲದ್ದು ಏನು, ಮಾಡಲಾಗದ್ದು ಏನು?

ಬೆಂಗಳೂರಿನ ಲಗ್ಗೆರೆಯ ಒಬ್ಬ ಗಾರ್ಮೆಂಟ್ಸ್ ಕೆಲಸದ ಅಕ್ಕನನ್ನು ಕಲ್ಪಿಸಿಕೊಳ್ಳಿ. ವಯಸ್ಸು ನಲವತ್ತೆರಡು. ವಾರ್ಡಿನ ಕ್ಯಾಂಪಿನಲ್ಲಿ ಬೆರಳು ಚುಚ್ಚಿ ನೋಡಿದರು. ಮೆಷಿನ್ 286 ತೋರಿಸಿತು. 'ಶುಗರ್ ಇರೋ ಹಾಗಿದೆ ಅಕ್ಕ, ಕ್ಲಿನಿಕ್‌ಗೆ ಬನ್ನಿ' ಎಂದರು. ಮರುದಿನ ಅಕ್ಕ ಅರ್ಧ ದಿನದ ಸಂಬಳ ಬಿಟ್ಟು ಹೋದರು. ಲ್ಯಾಬ್ ಪರೀಕ್ಷೆ ಆಯಿತು, ಶುಗರ್ ಇರುವುದು ಖಚಿತವಾಯಿತು, ಚೀಟಿ ಸಿಕ್ಕಿತು. ಡಾಕ್ಟರ ಮುಂದೆ ಕೂತದ್ದು ಐದಾರು ನಿಮಿಷ. ಹೊರಗೆ ಬಂದಾಗ ತಲೆಯಲ್ಲಿ ಉಳಿದದ್ದು ಎರಡೇ ಮಾತು: ಸಿಹಿ ಬಿಡಿ, ಮಾತ್ರೆ ತಗೊಳ್ಳಿ.

ಹಾಗಾದರೆ ರೇಷನ್ ಅಕ್ಕಿ ಅನ್ನ ತಿನ್ನಬಹುದಾ? ಮುದ್ದೆ ಎಷ್ಟು? ಓವರ್‌ಟೈಮ್ ಇದ್ದ ದಿನ ಊಟ ತಡವಾದರೆ ಮಾತ್ರೆ ಬಿಡಬೇಕಾ? ಈ ಪ್ರಶ್ನೆಗಳು ಹುಟ್ಟುವುದು ಮನೆಯಲ್ಲಿ. ಅಲ್ಲಿ ಡಾಕ್ಟರ್ ಇರುವುದಿಲ್ಲ. ಇರುವುದು ಒಂದು ಫೋನ್.

ಹೀಗೆ ಮೊದಲ ಸಲ ಗೊತ್ತಾಗುವವರು ಈಗ ತುಂಬಾ ಜನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮನೆಬಾಗಿಲಿಗೆ ಬಂದು ಶುಗರ್, ಬಿಪಿ ನೋಡುವ 'ಗೃಹ ಆರೋಗ್ಯ' ಯೋಜನೆಯನ್ನು ಕರ್ನಾಟಕ 2024ರಲ್ಲಿ ಕೋಲಾರದಿಂದ ಶುರುಮಾಡಿತು. ಬೆಂಗಳೂರಿನ ವಾರ್ಡುಗಳಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್'ಗಳಿವೆ. ಕಾಯಿಲೆ ಪತ್ತೆಯಾಗುವುದು ಸುಲಭವಾಗುತ್ತಿದೆ. ಪತ್ತೆಯಾದ ಮೇಲಿನ ದಿನಗಳನ್ನು ನಿಭಾಯಿಸುವುದು ಹೇಗೆ, ಅದರಲ್ಲಿ ಫೋನ್ ಎಷ್ಟು ನೆರವಾಗುತ್ತದೆ ಎಂಬುದು ಈ ಲೇಖನದ ವಿಷಯ.

ಮೆಜೆಸ್ಟಿಕ್‌ನಲ್ಲಿ ಜನ ತುಂಬಿದ ಹಾಗೆ

ಮೊದಲು ಕಾಯಿಲೆಯನ್ನೇ ಅರ್ಥ ಮಾಡಿಕೊಳ್ಳೋಣ. ರಕ್ತವನ್ನು ಮೆಜೆಸ್ಟಿಕ್ ಬಸ್ ನಿಲ್ದಾಣ ಅಂದುಕೊಳ್ಳಿ. ನಾವು ತಿಂದ ಅನ್ನ, ಮುದ್ದೆ, ಚಪಾತಿ ಎಲ್ಲವೂ ಹೊಟ್ಟೆಯಲ್ಲಿ ಕರಗಿ ಗ್ಲುಕೋಸ್ ಎಂಬ ಸಕ್ಕರೆಯಾಗಿ ಅಲ್ಲಿಗೆ ಬರುತ್ತವೆ. ಈ ಗ್ಲುಕೋಸ್ ಕಣಗಳೇ ಪ್ರಯಾಣಿಕರು. ಅವರು ಹತ್ತಬೇಕಾದ ಬಸ್ಸುಗಳೇ ನಮ್ಮ ದೇಹದ ಜೀವಕೋಶಗಳು. ಬಾಗಿಲು ತೆರೆಸುವ ಕಂಡಕ್ಟರ್ ಇನ್ಸುಲಿನ್.

ನಮ್ಮಲ್ಲಿ ಹೆಚ್ಚಿನವರಿಗೆ ಬರುವುದು ಎರಡನೇ ಬಗೆಯ (ಟೈಪ್ 2) ಸಕ್ಕರೆ ಕಾಯಿಲೆ. ಅದರಲ್ಲಿ ಬಾಗಿಲುಗಳು ಬಿಗಿಯಾಗುತ್ತವೆ. ಕಂಡಕ್ಟರ್ ಎಷ್ಟು ತಟ್ಟಿದರೂ ಸರಿಯಾಗಿ ತೆರೆಯುವುದಿಲ್ಲ. ವರ್ಷಗಳು ಕಳೆದಂತೆ ಕಂಡಕ್ಟರುಗಳೂ ಕಡಿಮೆಯಾಗುತ್ತಾರೆ. ಪ್ರಯಾಣಿಕರು ನಿಲ್ದಾಣದಲ್ಲೇ ಉಳಿಯುತ್ತಾರೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೂ ಮೈಗೆ ಸುಸ್ತು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ನಿಲ್ದಾಣ ತುಂಬಿದೆ, ಬಸ್ಸುಗಳು ಖಾಲಿ.

ಈ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಕೊಡುವ ಮೆಟ್‌ಫಾರ್ಮಿನ್ ಎಂಬ ಮಾತ್ರೆ ಮಾಡುವ ಮುಖ್ಯ ಕೆಲಸ ಇನ್ನೊಂದು ಕಡೆ. ನಮ್ಮ ಲಿವರ್ ಕೂಡ ರಕ್ತಕ್ಕೆ ಸಕ್ಕರೆ ಬಿಡುತ್ತಿರುತ್ತದೆ. ಮೆಟ್‌ಫಾರ್ಮಿನ್ ಅದನ್ನು ಕಡಿಮೆ ಮಾಡುತ್ತದೆ. ರಾತ್ರಿ ಏನೂ ತಿನ್ನದೆ ಮಲಗಿದರೂ ಬೆಳಗ್ಗೆ ಶುಗರ್ ಜಾಸ್ತಿ ಬರುವುದು ಈ ಲಿವರಿನ ಕೆಲಸದಿಂದಲೇ.

ಇನ್ನು ನಡಿಗೆ. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗಾಗಿ ಹೆಚ್ಚು ಕಾಯದೆ ತಾವೇ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಕಂಡಕ್ಟರ್ ಬರುವ ಮೊದಲೇ ಡ್ರೈವರ್ ಬಾಗಿಲು ತೆಗೆದ ಹಾಗೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಬೀದಿಯಲ್ಲೇ ನಡೆದರೂ ಪ್ರಯೋಜನ ಇದೆ. ಜಿಮ್ ಬೇಕಿಲ್ಲ, ಪಾರ್ಕೂ ಬೇಕಿಲ್ಲ.

ನಂಬರುಗಳನ್ನು ಓದುವುದು

ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ನಂಬರು ಇರುತ್ತವೆ. ಖಾಲಿ ಹೊಟ್ಟೆಯದು, ಊಟವಾಗಿ ಎರಡು ಗಂಟೆಯ ಮೇಲಿನದು, ಮತ್ತು ಕೆಲವು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ. ಲ್ಯಾಬ್ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಬೇರೆ ಲಕ್ಷಣ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಇದ್ದರೆ ಹೊಸ್ತಿಲು.

ಬೆರಳು ಚುಚ್ಚಿ ನೋಡುವ ನಂಬರ್ ಆ ಗಳಿಗೆಯದು ಮಾತ್ರ. ಎಚ್‌ಬಿಎ1ಸಿ ಹಾಗಲ್ಲ. ಅದು ಕರೆಂಟ್ ಬಿಲ್ ಇದ್ದ ಹಾಗೆ. ಇವತ್ತು ಒಂದು ದಿನ ಫ್ಯಾನ್ ಆರಿಸಿದರೆ ಬಿಲ್ ಇಳಿಯುವುದಿಲ್ಲ ಅಲ್ವಾ? ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ಅದಕ್ಕೆ ಸಕ್ಕರೆ ಅಂಟುತ್ತಾ ಹೋಗುತ್ತದೆ. ಎಷ್ಟು ಅಂಟಿದೆ ಎಂದು ಅಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಇದ್ದು ಡಾಕ್ಟರಿಗೆ ಒಳ್ಳೆಯ ನಂಬರ್ ತೋರಿಸುವವರಿದ್ದಾರೆ. ಎಚ್‌ಬಿಎ1ಸಿ ಮುಂದೆ ಅದು ನಡೆಯುವುದಿಲ್ಲ. ಹೆಚ್ಚಿನವರಿಗೆ ಇದನ್ನು 7ಕ್ಕಿಂತ ಕೆಳಗೆ ತರುವ ಗುರಿ ಇಡುತ್ತಾರೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇದ್ದವರಿಗೆ ಡಾಕ್ಟರ್ ಗುರಿಯನ್ನು ಸಡಿಲ ಮಾಡಬಹುದು.

ಒಂದು ಮಾತು ಗಮನದಲ್ಲಿರಲಿ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಹಾಗಾಗಿ ಅದೊಂದು ನಂಬರನ್ನೇ ಹಿಡಿದು ಹೆದರುವುದು ಬೇಡ. ಡಾಕ್ಟರಿಗೆ ಎರಡೂ ಗೊತ್ತಿರಲಿ.

8,760 ಗಂಟೆಗಳಲ್ಲಿ ಒಂದು ಗಂಟೆ

ವರ್ಷಕ್ಕೆ ನಾಲ್ಕು ಸಲ ಡಾಕ್ಟರ ಹತ್ತಿರ ಹೋಗಿ, ಪ್ರತಿ ಸಲ ಹದಿನೈದು ನಿಮಿಷ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಒಟ್ಟು ಒಂದು ಗಂಟೆ. ವರ್ಷದಲ್ಲಿರುವುದು 8,760 ಗಂಟೆ. ಉಳಿದ 8,759 ಗಂಟೆ ಚಿಕಿತ್ಸೆ ಮಾಡುವವರು ಯಾರು? ಶುಗರ್ ಇದ್ದವರೇ. ಏನು ತಿನ್ನಬೇಕು, ಯಾವಾಗ ಮಾತ್ರೆ ನುಂಗಬೇಕು, ತಲೆ ಸುತ್ತಿದರೆ ಏನು ಮಾಡಬೇಕು, ಕಾಲಿನ ಗಾಯ ಸಣ್ಣದಾ ದೊಡ್ಡದಾ ಎಂದು ತೀರ್ಮಾನ ಮಾಡುವವರು ಅವರೇ. ಸ್ವಯಂ ನಿರ್ವಹಣೆ ಎಂದು ಪುಸ್ತಕಗಳು ಹೇಳುವುದು ಇದನ್ನೇ. ಡಾಕ್ಟರನ್ನು ಬಿಟ್ಟು ತಾವೇ ನೋಡಿಕೊಳ್ಳುವುದು ಎಂದು ಅದರ ಅರ್ಥ ಅಲ್ಲ. ಡಾಕ್ಟರು ಹೇಳಿದ್ದನ್ನು ತಮ್ಮ ದಿನಚರಿಗೆ ಹೊಂದಿಸಿಕೊಳ್ಳುವುದು.

ಈ ಹೊಂದಿಸುವ ಕೆಲಸವೇ ಕಷ್ಟ. 'ತರಕಾರಿ ಜಾಸ್ತಿ ತಿನ್ನಿ, ಅನ್ನ ಕಮ್ಮಿ ಮಾಡಿ' ಎಂಬ ಸಲಹೆ ಸರಿ. ಆದರೆ ಅಕ್ಕನ ಮನೆಯಲ್ಲಿ ಅನ್ನವೇ ಅಗ್ಗದ ಊಟ. ಬೆಳಗ್ಗೆ ಮಾಡಿದ ಚಿತ್ರಾನ್ನವನ್ನೇ ಡಬ್ಬಿಗೂ ಹಾಕಿಕೊಳ್ಳುತ್ತಾರೆ. ಮುದ್ದೆ ತಿಂದರೆ ಶುಗರ್ ಬರುವುದಿಲ್ಲ ಎಂಬ ನಂಬಿಕೆಯೂ ಇದೆ. ರಾಗಿಯಲ್ಲಿ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಒಳ್ಳೆಯದು, ನಿಜ. ಆದರೂ ಅದೂ ಅನ್ನದ ಹಾಗೆ ಸಕ್ಕರೆಯಾಗುವ ಪಿಷ್ಟವೇ. ಎರಡು ದೊಡ್ಡ ಮುದ್ದೆ, ಮೇಲೆ ಒಂದು ತಟ್ಟೆ ಅನ್ನ ತಿಂದರೆ ಶುಗರ್ ಏರುತ್ತದೆ. ಒಂದು ಸಣ್ಣ ಮುದ್ದೆ, ಜೊತೆಗೆ ಬಟ್ಟಲು ತುಂಬ ಸೊಪ್ಪಿನ ಬಸ್ಸಾರು, ಪಲ್ಯ ಆದರೆ ಲೆಕ್ಕವೇ ಬೇರೆ. ಹುರುಳಿ, ಅಲಸಂದೆ, ಕಡಲೆಕಾಳು ಹಾಕಿದ ಸಾರು ದುಬಾರಿಯೇನಲ್ಲ. ಓಟ್ಸ್, ಬಾದಾಮಿ ಹೇಳುವ ಪಟ್ಟಿಗಿಂತ ಇದು ಅವರಿಗೆ ಉಪಯೋಗ.

ಇಂಥ ಮಾತನ್ನು ಹೇಳುವುದಕ್ಕೆ ಸಮಯ ಬೇಕು, ಒಂದೇ ಸಲ ಹೇಳಿದರೂ ಸಾಲದು. ಫೋನಿನ ನೆರವು ಕೆಲಸಕ್ಕೆ ಬರುವುದು ಇಲ್ಲೇ.

ಫೋನಿನಲ್ಲಿ ಸಿಗುವ ಸಹಾಯ ಅಂದರೆ ಯಾವುದು?

ಇದರಲ್ಲಿ ಸರಳವಾದದ್ದು ಒಂದೇ ಕಡೆಯಿಂದ ಬರುವ ಸಂದೇಶ. ಕೇಂದ್ರ ಸರ್ಕಾರ 2016ರಲ್ಲಿ 'ಎಂ ಡಯಾಬಿಟಿಸ್' ಎಂಬ ಕಾರ್ಯಕ್ರಮ ತಂದಿತು. ಮಿಸ್ಡ್ ಕಾಲ್ ಕೊಟ್ಟವರ ಫೋನಿಗೆ ಊಟ, ನಡಿಗೆ, ಪರೀಕ್ಷೆ ಬಗ್ಗೆ ಎಸ್‌ಎಂಎಸ್ ಬರುತ್ತಿತ್ತು. ಬಟನ್ ಫೋನಿಗೂ ಸಾಕು, ಡೇಟಾ ಬೇಡ. ಕೊರತೆ ಅಂದರೆ, ನಾವು ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ಎರಡನೆಯದು ಡಾಕ್ಟರ ಜೊತೆ ನೇರ ಮಾತು. ಕೇಂದ್ರ ಸರ್ಕಾರದ 'ಇ ಸಂಜೀವಿನಿ' ಇದಕ್ಕಾಗಿಯೇ ಇದೆ. ಹಣ ಕೊಡಬೇಕಿಲ್ಲ. ಮೊಬೈಲ್ ನಂಬರ್ ಹಾಕಿ, ಒಟಿಪಿ ಕೊಟ್ಟು, ಸರದಿಗೆ ಕಾದರೆ ಡಾಕ್ಟರ್ ವಿಡಿಯೋದಲ್ಲಿ ಬರುತ್ತಾರೆ, ಚೀಟಿ ಫೋನಿಗೇ ಬರುತ್ತದೆ. ಫೋನಿನಲ್ಲಿ ಔಷಧಿ ಬರೆದುಕೊಡುವುದಕ್ಕೆ 2020ರ ಮಾರ್ಚ್‌ನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮ ಬಂತು. ಅದರಂತೆ ಚೀಟಿಯಲ್ಲಿ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಅಂಥ ಚೀಟಿಯನ್ನು ನಂಬಬೇಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಬೆಲೆಯದು ಅನಿಸುತ್ತದೆ: ಶುಗರ್ ಇದ್ದವರು ಒಬ್ಬರಿಗೊಬ್ಬರು ಆಗುವುದು. ಒಂದು ವಾಟ್ಸಾಪ್ ಗುಂಪು, ಅದರಲ್ಲಿ ಹತ್ತು ಹದಿನೈದು ಜನ, ಜೊತೆಗೆ ಒಬ್ಬ ನರ್ಸ್ ಅಥವಾ ಆಹಾರ ತಜ್ಞೆ. 'ನಾನು ಟೀಗೆ ಸಕ್ಕರೆ ಬಿಟ್ಟು ಮೂರು ವಾರ ಆಯ್ತು, ಮೊದಲ ವಾರ ತಲೆನೋವು ಬಂತು, ಆಮೇಲೆ ಸರಿಹೋಯ್ತು' ಎಂದು ಆಟೋ ಓಡಿಸುವ ಒಬ್ಬರು ಹೇಳಿದರೆ, ಇನ್ನೊಬ್ಬ ಆಟೋದವರಿಗೆ ಅದು ಮುಟ್ಟುತ್ತದೆ. ಸ್ಟ್ಯಾಂಡಿನಲ್ಲಿ ದಿನಕ್ಕೆ ಆರು ಟೀ ಕುಡಿಯುವ ಕಷ್ಟ ಡಾಕ್ಟರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೆ ತಿಳಿದವರೊಬ್ಬರು ಗುಂಪಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಒಬ್ಬರ ಮಾತ್ರೆ ಇನ್ನೊಬ್ಬರು ನುಂಗುವ ಅಪಾಯ ಇದೆ.

ಇದರಿಂದ ನಿಜಕ್ಕೂ ಪ್ರಯೋಜನ ಇದೆಯಾ?

ಒಂದು ಒಳ್ಳೆಯ ಅಧ್ಯಯನ ನಮ್ಮ ಹತ್ತಿರದಲ್ಲೇ ನಡೆದಿದೆ. ಆಗ್ನೇಯ ಭಾರತದ ಹತ್ತು ಕಡೆ, ಕಾಯಿಲೆಯ ಹೊಸ್ತಿಲಲ್ಲಿದ್ದ 537 ಗಂಡಸರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಆರಂಭದಲ್ಲಿ ಸಲಹೆ ಕೊಟ್ಟರು. ಒಂದು ಗುಂಪಿಗೆ ಮಾತ್ರ ಅವರವರಿಗೆ ಹೊಂದುವ ಸಂದೇಶಗಳನ್ನು ಮೊಬೈಲಿಗೆ ಕಳಿಸುತ್ತಾ ಹೋದರು. ಎರಡು ವರ್ಷದಲ್ಲಿ ಸಂದೇಶ ಸಿಗದವರಲ್ಲಿ ನೂರಕ್ಕೆ 27 ಜನರಿಗೆ ಸಕ್ಕರೆ ಕಾಯಿಲೆ ಬಂತು. ಸಂದೇಶ ಸಿಕ್ಕವರಲ್ಲಿ ನೂರಕ್ಕೆ 18 ಜನರಿಗೆ. ಇದು 2013ರಲ್ಲಿ ಪ್ರಕಟವಾಯಿತು.

ಇದನ್ನು ಇರುವಷ್ಟೇ ಓದಬೇಕು. ಅದು ಕಾಯಿಲೆ ಬರದಂತೆ ತಡೆಯುವ ಅಧ್ಯಯನ, ಬಂದವರದ್ದಲ್ಲ. ಹೆಂಗಸರು ಅದರಲ್ಲಿರಲಿಲ್ಲ. ಆದರೂ ಒಂದು ಸಂಗತಿ ಸ್ಪಷ್ಟ. ಕಡಿಮೆ ಖರ್ಚಿನ ಸಣ್ಣ ಸಂದೇಶ, ಸರಿಯಾದ ಹೊತ್ತಿಗೆ, ಬಿಡದೆ ಬಂದರೆ ಜನ ತಮ್ಮ ಅಭ್ಯಾಸ ಬದಲಿಸಬಲ್ಲರು.

ಒಂದೇ ಫೋನ್, ನಾಲ್ಕು ಜನ

ಆನ್‌ಲೈನ್ ಸಹಾಯ ಎಂದ ಕೂಡಲೇ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆ ಎಂದು ಅಂದುಕೊಳ್ಳುತ್ತೇವೆ. ಅಕ್ಕನ ಮನೆಯಲ್ಲಿ ಸ್ಮಾರ್ಟ್‌ಫೋನ್ ಒಂದೇ. ಹಗಲು ಅದು ಡೆಲಿವರಿ ಕೆಲಸದ ಮಗನ ಜೊತೆ ಹೋಗುತ್ತದೆ. ರಾತ್ರಿ ಮಗಳ ಓದಿಗೆ. ಅಕ್ಕನಿಗೆ ಸಿಗುವುದು ಅಡುಗೆ ಮುಗಿದ ಮೇಲೆ, ಒಂಬತ್ತರ ಹೊತ್ತಿಗೆ. ಬೆಳಗ್ಗೆ ಹನ್ನೊಂದಕ್ಕೆ ಇಟ್ಟ ವಿಡಿಯೋ ಕರೆ ಅವರಿಗೆ ತಲುಪುವುದೇ ಇಲ್ಲ. ಸಹಾಯ ಕೊಡುವವರು ಮೊದಲು ಕೇಳಬೇಕಾದ್ದು 'ಫೋನ್ ನಿಮ್ಮ ಕೈಗೆ ಯಾವಾಗ ಸಿಗುತ್ತೆ?' ಎಂದು.

ಓದಲು ಕಷ್ಟವಾಗುವವರಿಗೆ ವಾಯ್ಸ್ ಮೆಸೇಜ್ ವರದಾನ. ಡೇಟಾ ವಿಡಿಯೋದಷ್ಟು ಖರ್ಚಾಗುವುದಿಲ್ಲ, ಮತ್ತೆ ಮತ್ತೆ ಕೇಳಬಹುದು. ಭಾಷೆಯೂ ಮುಖ್ಯ. 'ಕಾರ್ಬೋಹೈಡ್ರೇಟ್' ಎಂದರೆ ಅರ್ಥವಾಗದ್ದು 'ಅನ್ನ, ಮುದ್ದೆ, ದೋಸೆ ಎಲ್ಲಾ ಒಂದೇ ಲೆಕ್ಕ' ಎಂದರೆ ತಕ್ಷಣ ಅರ್ಥವಾಗುತ್ತದೆ.

ಸ್ಟ್ರಿಪ್ ಖರ್ಚೂ ಇದೆ. ಮೆಷಿನ್ ಒಂದು ಸಲ ಕೊಂಡರೆ ಮುಗಿಯಿತು, ಸ್ಟ್ರಿಪ್‌ಗೆ ಪ್ರತಿ ಸಲ ದುಡ್ಡು. ಇನ್ಸುಲಿನ್ ಹಾಕಿಕೊಳ್ಳುವವರು ಹೆಚ್ಚು ಸಲ ನೋಡಲೇಬೇಕು. ಬರೀ ಮಾತ್ರೆಯಲ್ಲಿರುವ ಹೆಚ್ಚಿನವರಿಗೆ ದಿನಾ ಬೇಕಾಗುವುದಿಲ್ಲ. ಅಂಥವರು ಸುಮ್ನೆ ನೆನಪಾದಾಗ ಚುಚ್ಚಿಕೊಳ್ಳುವುದರ ಬದಲು ಜೋಡಿ ಪರೀಕ್ಷೆ ಮಾಡಬಹುದು. ಒಂದು ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ಒಮ್ಮೆ, ತಿಂದು ಎರಡು ಗಂಟೆಗೆ ಇನ್ನೊಮ್ಮೆ. ಆ ಊಟ ಶುಗರನ್ನು ಎಷ್ಟು ಏರಿಸಿತು ಎಂದು ಎರಡೇ ಸ್ಟ್ರಿಪ್‌ನಲ್ಲಿ ಗೊತ್ತಾಗುತ್ತದೆ. ಮುಂದಿನ ವಾರ ಬೇರೆ ಊಟ ನೋಡಿ. ಚುಚ್ಚುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ಬೆರಳಿಗೆ ಬೆಲ್ಲ, ಹಣ್ಣಿನ ರಸ ಅಂಟಿದ್ದರೆ ನಂಬರ್ ಸುಳ್ಳು ಹೇಳುತ್ತದೆ. ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಅಲ್ಲಿ ಸಿಗದಿದ್ದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಬ್ರಾಂಡಿನದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ.

ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಇಡುವುದು ಹೇಗೆ ಎಂದು ಎಷ್ಟೋ ಜನ ಕೇಳಲು ನಾಚುತ್ತಾರೆ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಗಾಳಿಯಾಡುವ ನೆರಳಲ್ಲಿಟ್ಟರೆ ಒಳಗೆ ತಂಪಾಗಿರುತ್ತದೆ. ಇನ್ಸುಲಿನ್ ಬಾಟಲಿಯನ್ನು ನೀರು ತಾಗದಂತೆ ಕವರಿನಲ್ಲಿ ಸುತ್ತಿ ಅದರೊಳಗಿಡಬಹುದು. ಬಿಸಿಲಿಗೆ, ಒಲೆ ಹತ್ತಿರ ಇಡಬಾರದು. ಫ್ರಿಜ್ ಇದ್ದವರೂ ಫ್ರೀಜರ್‌ಗೆ ಹಾಕಬಾರದು, ಹೆಪ್ಪುಗಟ್ಟಿದರೆ ಇನ್ಸುಲಿನ್ ಕೆಡುತ್ತದೆ.

ಖಾಸಗಿತನದ ಮಾತನ್ನೂ ಹೇಳಲೇಬೇಕು. ಶುಗರ್ ಇರುವುದು ಫ್ಯಾಕ್ಟರಿಯಲ್ಲಿ ಗೊತ್ತಾದರೆ ಕೆಲಸಕ್ಕೆ ತೊಂದರೆ ಎಂಬ ಭಯ ಕೆಲವರಿಗೆ. ಅವರ ಭಯಕ್ಕೆ ಗೌರವ ಕೊಡಬೇಕು. ರಿಪೋರ್ಟನ್ನು ಗುಂಪಿಗೆ ಹಾಕದೆ ನರ್ಸಿಗೆ ಮಾತ್ರ ಕಳಿಸುವ ಅವಕಾಶ ಇರಬೇಕು.

ಫಾರ್ವರ್ಡ್ ಆಗಿ ಬರುವ ಔಷಧಿ

ಅದೇ ಫೋನಿಗೆ ಇನ್ನೊಂದು ಬಗೆಯ ಸಂದೇಶವೂ ಬರುತ್ತದೆ. 'ಏಳು ದಿನದಲ್ಲಿ ಶುಗರ್ ಮಾಯ, ಮಾತ್ರೆ ಬಿಸಾಡಿ.' ನಮ್ಮತ್ತೆಯವರೂ ಇಂಥದ್ದೊಂದನ್ನು ನಂಬಿ ಹತ್ತು ದಿನ ಮಾತ್ರೆ ಬಿಟ್ಟಿದ್ದರು. ನಮಗೆ ಗೊತ್ತಾದದ್ದು ಶುಗರ್ 400 ದಾಟಿದ ಮೇಲೆ. ಹಾಗಲಕಾಯಿ, ಮೆಂತ್ಯ ತಿನ್ನುವುದು ತಪ್ಪಲ್ಲ, ಅವು ಅಡುಗೆಮನೆಯ ಒಳ್ಳೆಯ ಪದಾರ್ಥಗಳೇ. ಮಾತ್ರೆಯ ಜಾಗಕ್ಕೆ ಅವನ್ನು ತರುವುದು ಅಪಾಯ.

ಇದಕ್ಕೆ ಕಾನೂನೇ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಹೆಸರಿದೆ. ಅದನ್ನು ಗುಣಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವಂತಿಲ್ಲ. ಹಾಗಾಗಿ ಅಂಥ ಜಾಹೀರಾತು ಕಂಡ ಕೂಡಲೇ ಅನುಮಾನ ಪಡಿ.

ಫೋನ್ ಸಾಲದ ಹೊತ್ತು

ಮೈ ನಡುಗಿ, ಬೆವರು ಬಂದು, ಕಣ್ಣು ಮಂಜಾಗಿ, ಎದೆ ಹೊಡೆದುಕೊಂಡರೆ ಅದು ಲೋ ಶುಗರ್ ಇರಬಹುದು. ನಂಬರ್ 70ಕ್ಕಿಂತ ಕೆಳಗೆ. ಕೆಲವು ಬಗೆಯ ಮಾತ್ರೆ ನುಂಗಿ ಊಟ ಬಿಟ್ಟಾಗ, ಇನ್ಸುಲಿನ್ ಹೆಚ್ಚಾದಾಗ ಹೀಗಾಗುತ್ತದೆ. ಆಗ ಮೆಸೇಜ್ ಕಳಿಸಿ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಯಿರಿ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು.

ಎದೆನೋವು, ಉಸಿರಾಟದ ತೊಂದರೆ, ನಿಲ್ಲದ ವಾಂತಿ, ಕಪ್ಪಾಗುತ್ತಿರುವ ಅಥವಾ ವಾಸನೆ ಬರುವ ಕಾಲಿನ ಗಾಯ, ಇವಕ್ಕೂ ನೇರ ಆಸ್ಪತ್ರೆಯೇ. ವರ್ಷಕ್ಕೊಮ್ಮೆಯ ಕಣ್ಣಿನ ಪರೀಕ್ಷೆ, ಮೂತ್ರ ಪರೀಕ್ಷೆ, ಪಾದದ ಸ್ಪರ್ಶ ಪರೀಕ್ಷೆ ಕೂಡ ಫೋನಿನಲ್ಲಿ ಆಗುವಂಥವಲ್ಲ. ಬೆಂಗಳೂರಿನವರಿಗೆ ಕಣ್ಣಿಗೆ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ. ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು ಮಾತ್ರೆಯ ಹೊತ್ತು ಬದಲಿಸುವ ಬಗ್ಗೆ ಕೆಲವು ವಾರ ಮೊದಲೇ ಡಾಕ್ಟರನ್ನು ಕೇಳಬೇಕು.

ಮನಸ್ಸು ಕುಗ್ಗಿದರೆ 14416. ಅದು ಟೆಲಿ ಮಾನಸ್, ದುಡ್ಡಿಲ್ಲದ ಕರೆ, ಕನ್ನಡದಲ್ಲೂ ಮಾತಾಡಬಹುದು. ಜೀವನಪೂರ್ತಿ ಮಾತ್ರೆ ಎಂದು ಕೇಳಿ ಅತ್ತವರನ್ನು ನಾನು ನೋಡಿದ್ದೇನೆ. ಆ ಸಂಕಟವೂ ಈ ಕಾಯಿಲೆಯ ಭಾಗವೇ.

ಮೊದಲ ವಾಯ್ಸ್ ಮೆಸೇಜ್

ಇದನ್ನು ಓದುತ್ತಿರುವವರು ಬಹುಶಃ ಶುಗರ್ ಬಂದವರ ಮಗ, ಮಗಳು ಅಥವಾ ಸೊಸೆ. ನೀವು ಮಾಡಬಹುದಾದ ಒಂದು ಕೆಲಸ ಇದೆ. ಅಮ್ಮನ ಪಕ್ಕ ಕೂತು, ನರ್ಸಿಗೋ ಡಾಕ್ಟರಿಗೋ ಕಳಿಸುವ ಅವರ ಮೊದಲ ಸಂದೇಶ ರೆಕಾರ್ಡ್ ಮಾಡಿಸಿ. 'ಶುಗರ್ ಜಾಸ್ತಿ ಇದೆ, ಏನ್ ಮಾಡ್ಲಿ?' ಎಂದರೆ ಆ ಕಡೆಯವರಿಗೆ ಉತ್ತರ ಹೇಳಲು ಏನೂ ಸಿಗುವುದಿಲ್ಲ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಏನು ತಿಂದದ್ದು, ಎಷ್ಟು ಬಂತು, ಏನು ಅನಿಸುತ್ತಿದೆ, ಇಷ್ಟೂ ಇರಲಿ. ಲಗ್ಗೆರೆಯ ಅಕ್ಕನ ಸಂದೇಶ ಹೀಗಿರಬಹುದು:

'ಮೇಡಂ, ನಮಸ್ಕಾರ. ಶುಗರ್ ಗೊತ್ತಾಗಿ ಒಂದು ತಿಂಗಳಾಯ್ತು. ಮೆಟ್‌ಫಾರ್ಮಿನ್ 500, ಬೆಳಗ್ಗೆ ಒಂದು ರಾತ್ರಿ ಒಂದು, ಊಟ ಆದ್ಮೇಲೆ ತಗೋತಿದೀನಿ. ಇವತ್ತು ಮಧ್ಯಾಹ್ನ ಊಟಕ್ಕೆ ಮುಂಚೆ 148 ಇತ್ತು. ಚಿತ್ರಾನ್ನ ಒಂದು ಡಬ್ಬಿ ತಿಂದೆ, ಎರಡು ಗಂಟೆ ಬಿಟ್ಟು ನೋಡಿದ್ರೆ 236. ಫ್ಯಾಕ್ಟರಿಲಿ ಟಾಯ್ಲೆಟ್‌ಗೆ ಪದೇ ಪದೇ ಹೋಗೋಕೆ ಆಗಲ್ಲ ಅಂತ ನೀರು ಕಮ್ಮಿ ಕುಡೀತೀನಿ. ಎಡಗಾಲು ಸಂಜೆ ಹೊತ್ತಿಗೆ ಜುಂ ಅನ್ನುತ್ತೆ. ಡಬ್ಬಿಗೆ ಬೇರೆ ಏನ್ ಹಾಕ್ಕೊಂಡು ಹೋಗ್ಬಹುದು? ಕಾಲು ತೋರಿಸೋಕೆ ಬರ್ಬೇಕಾ? ಫೋನ್ ನನ್ ಕೈಗೆ ಸಿಗೋದು ರಾತ್ರಿ ಒಂಬತ್ತು ಗಂಟೆಗೆ.'